ಕೀ ತಿರುಗಿಸಿದಾಗ ಏನು ಕೇಳಿಸಿತು? ಸ್ಟಾರ್ಟ್ ಆಗದ ಕಾರಿನ ತಪ್ಪು ಹುಡುಕುವ ದಾರಿ

ಗಾಡಿ ಸ್ಟಾರ್ಟ್ ಆಗ್ತಿಲ್ಲ ಅಂತ ಫೋನ್ ಬಂದಾಗ ನಾನು ಕೇಳುವ ಮೊದಲ ಪ್ರಶ್ನೆ ಒಂದೇ. ಕೀ ತಿರುಗಿಸಿದಾಗ ಏನು ಶಬ್ದ ಬಂತು? ಬಹಳ ಜನರ ಹತ್ತಿರ ಇದಕ್ಕೆ ಉತ್ತರ ಇರುವುದಿಲ್ಲ. ಗಾಬರಿಯಲ್ಲಿ ಮತ್ತೆ ಮತ್ತೆ ಕೀ ತಿರುಗಿಸಿರುತ್ತಾರೆ, ಒಂದು ಸಲವೂ ಕಿವಿಗೊಟ್ಟು ಕೇಳಿರುವುದಿಲ್ಲ. "ಏನೋ ಒಂಥರಾ ಸೌಂಡು" ಅನ್ನುತ್ತಾರೆ. ಅದು ಯಾವ ಥರ ಅಂತ ಹೇಳಿದರೆ ನನ್ನ ಅರ್ಧ ಕೆಲಸ ಅಲ್ಲೇ ಮುಗಿಯಿತು.

ನಾನು ಗಾಡಿಗಳ ಎಲೆಕ್ಟ್ರಿಕಲ್ ಕೆಲಸ ಮಾಡುವವನು. ಬ್ಯಾಟರಿ, ವೈರಿಂಗ್, ಸೆಲ್ಫ್ ಮೋಟಾರ್ ಇವೇ ನನ್ನ ದಿನ. ಹಾಗಾಗಿ ಈ ಬರಹದಲ್ಲೂ ಕರೆಂಟಿನ ಕಡೆಯ ಮಾತೇ ಜಾಸ್ತಿ ಇರುತ್ತದೆ. ಅದಕ್ಕೆ ಕಾರಣವೂ ಇದೆ. ನಿಂತಲ್ಲೇ ನಿಂತ ಗಾಡಿಗಳಲ್ಲಿ ಹೆಚ್ಚಿನವು ಸ್ಟಾರ್ಟ್ ಆಗದೇ ಇರುವುದು ಕರೆಂಟಿನ ಕಡೆಯ ಯಾವುದೋ ಸಣ್ಣ ತಪ್ಪಿನಿಂದಲೇ.

ಎಂಜಿನ್ ಚಾಲೂ ಆಗಬೇಕಾದರೆ ಎರಡು ಕೆಲಸ ನಡೆಯಬೇಕು. ಮೊದಲು ಸೆಲ್ಫ್ ಮೋಟಾರ್ ಎಂಜಿನ್ನನ್ನು ತಿರುಗಿಸಬೇಕು. ಆಮೇಲೆ, ಹಾಗೆ ತಿರುಗುತ್ತಿರುವ ಎಂಜಿನ್ ಒಳಗೆ ಪೆಟ್ರೋಲ್ ಅಥವಾ ಡೀಸೆಲ್ ಹೊತ್ತಿಕೊಳ್ಳಬೇಕು. ಸೆಲ್ಫ್ ತಿರುಗುತ್ತಲೇ ಇಲ್ಲ ಅಂದರೆ ಹುಡುಕಬೇಕಾದದ್ದು ಬ್ಯಾಟರಿ, ಕೇಬಲ್, ಸ್ವಿಚ್, ಸೆಲ್ಫ್ ಇವುಗಳಲ್ಲಿ. ಸೆಲ್ಫ್ ಜೋರಾಗಿ ತಿರುಗುತ್ತಿದೆ, ಆದರೆ ಎಂಜಿನ್ ಹಿಡಿಯುತ್ತಿಲ್ಲ ಅಂದರೆ ಬ್ಯಾಟರಿಯನ್ನು ಅದರ ಪಾಡಿಗೆ ಬಿಡಿ. ಇಂಧನ, ಸ್ಪಾರ್ಕ್ (ಪೆಟ್ರೋಲ್ ಹೊತ್ತಿಸುವ ಕಿಡಿ), ಸೆನ್ಸರ್ ಕಡೆ ಹೋಗಿ. ಇಷ್ಟು ವಿಂಗಡಿಸಿಕೊಳ್ಳದೆ ಕೈ ಹಾಕುವವರೇ ದುಡ್ಡು ಕಳೆದುಕೊಳ್ಳುವುದು. ಸೆಲ್ಫ್ ಗರಗರ ತಿರುಗುವ ಗಾಡಿಗೆ ಹೊಸ ಬ್ಯಾಟರಿ ಹಾಕಿಸಿಕೊಂಡು, ಆಮೇಲೂ ಸ್ಟಾರ್ಟ್ ಆಗಲಿಲ್ಲ ಅಂತ ನನ್ನ ಹತ್ತಿರ ಬಂದವರಿದ್ದಾರೆ.

ಸುಮ್ನೆ ಸೆಲ್ಫ್ ಹೊಡೆಯುತ್ತಾ ಇರಬೇಡಿ

ಎರಡೂ ಹೆಡ್‌ಲೈಟ್ ಸೇರಿ ತಿನ್ನುವುದು ಸುಮಾರು 9 ಆಂಪಿಯರ್. ಸಣ್ಣ ಕಾರಿನ ಸೆಲ್ಫ್ ಎಂಜಿನ್ ತಿರುಗಿಸುವಾಗ 100ರಿಂದ 200 ಆಂಪಿಯರ್ ಎಳೆಯುತ್ತದೆ, ಡೀಸೆಲ್ ಆದರೆ ಇನ್ನೂ ಜಾಸ್ತಿ. ಅಷ್ಟು ಕರೆಂಟು ಹರಿದರೆ ಮೋಟಾರ್ ಬಿಸಿಯಾಗದೇ ಇರುತ್ತಾ? ಒಂದು ಸಲಕ್ಕೆ 10 ಸೆಕೆಂಡ್ ಸಾಕು. ಆಮೇಲೆ ಅರ್ಧ ನಿಮಿಷವಾದರೂ ಬಿಡಿ. ಬಿಡದೆ ಹೊಡೆದರೆ ಚೆನ್ನಾಗಿದ್ದ ಬ್ಯಾಟರಿ ಇಳಿಯುತ್ತದೆ, ಸೆಲ್ಫ್ ಸುಡುತ್ತದೆ. ಒಂದು ತಪ್ಪು ಇದ್ದದ್ದು ಮೂರಾಗುತ್ತದೆ.

ಎರಡು ಸಂದರ್ಭದಲ್ಲಂತೂ ಒಂದು ಸಲವೂ ಕೀ ತಿರುಗಿಸಬಾರದು. ಗಾಡಿ ಮಳೆನೀರಿನಲ್ಲಿ ಮುಳುಗಿ ನಿಂತಿತ್ತು ಅನ್ನುವುದು ಒಂದು. ಸಿಲಿಂಡರಿಗೆ ನೀರು ಹೋಗಿದ್ದರೆ ಪಿಸ್ಟನ್ ಅದನ್ನು ಒತ್ತಲು ಆಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಾಗುತ್ತದೆ. ಇನ್ನೊಂದು, ಡೀಸೆಲ್ ಗಾಡಿಗೆ ಪೆಟ್ರೋಲ್ ಹಾಕಿಸಿಬಿಟ್ಟಿದ್ದೀರಿ ಅಂತ ಬಂಕಿನಲ್ಲೇ ಗೊತ್ತಾದರೆ. ಇಗ್ನಿಷನ್ ಆನ್ ಮಾಡಿದರೂ ಹಲವು ಗಾಡಿಗಳಲ್ಲಿ ಪಂಪ್ ಓಡಲು ಶುರುವಾಗಿ ತಪ್ಪು ಎಣ್ಣೆ ಮುಂದಕ್ಕೆ ಹೋಗುತ್ತದೆ. ಎರಡರಲ್ಲೂ ಗಾಡಿಯನ್ನು ಎಳೆಸಿಕೊಂಡು ಹೋಗುವುದೇ ಸರಿ.

ಬೇರೆ ಏನೇ ನೋಡುವ ಮೊದಲು ಹ್ಯಾಂಡ್ ಬ್ರೇಕ್ ಎಳೆದು, ಗೇರ್ ನ್ಯೂಟ್ರಲ್ಲಿಗೆ ತನ್ನಿ. ಆಟೋಮ್ಯಾಟಿಕ್ ಆದರೆ ಪಾರ್ಕ್. ಬಾಗಿಲು ಮುಚ್ಚಿದ ಶೆಡ್ಡಿನೊಳಗೆ ಎಂಜಿನ್ ಓಡಿಸಬೇಡಿ, ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ವಾಸನೆ ಇಲ್ಲದೆ ಕೊಲ್ಲುತ್ತದೆ.

ಟಕ ಟಕ ಟಕ, ಇಲ್ಲವೇ ಉಸಿರುಗಟ್ಟಿದ ಹಾಗೆ ತಿರುಗುವುದು

ಕೀ ತಿರುಗಿಸಿದ ಕೂಡಲೇ ಟಕಟಕಟಕ ಅಂತ ಬೇಗ ಬೇಗ ಶಬ್ದ ಬರುತ್ತದೆ, ಮೀಟರ್ ಬೋರ್ಡಿನ ದೀಪಗಳೂ ಅದೇ ತಾಳಕ್ಕೆ ಮಿಣುಕುತ್ತವೆ. ಇದು ಬ್ಯಾಟರಿ ಇಳಿದದ್ದು ಅಥವಾ ಟರ್ಮಿನಲ್ ಸರಿಯಾಗಿ ಕಚ್ಚದೇ ಇರುವುದು. ಸೆಲ್ಫ್ ಮೇಲಿರುವ ಸೊಲೆನಾಯ್ಡ್ (ಮೋಟಾರಿಗೆ ಕರೆಂಟು ಕೊಡುವ ಅಯಸ್ಕಾಂತದ ಸ್ವಿಚ್) ಎಳೆದುಕೊಳ್ಳುತ್ತದೆ, ಮೋಟಾರ್ ಕರೆಂಟು ಕೇಳುತ್ತದೆ, ಆ ಭಾರಕ್ಕೆ ವೋಲ್ಟೇಜ್ ಕುಸಿಯುತ್ತದೆ, ಸೊಲೆನಾಯ್ಡ್ ಬಿಟ್ಟುಬಿಡುತ್ತದೆ. ಭಾರ ಹೋದ ಕೂಡಲೇ ವೋಲ್ಟೇಜ್ ಮೇಲೇಳುತ್ತದೆ, ಮತ್ತೆ ಎಳೆದುಕೊಳ್ಳುತ್ತದೆ. ಆ ಟಕಟಕ ಬರುವುದು ಹೀಗೆ. ಊಂ... ಊಂ... ಅಂತ ಎಂಜಿನ್ ನಿಧಾನಕ್ಕೆ, ಕಷ್ಟಪಟ್ಟು ತಿರುಗಿದರೂ ಮೊದಲ ಅನುಮಾನ ಇಲ್ಲೇ.

ಬಾನೆಟ್ ಎತ್ತಿ. ವೋಲ್ಟೇಜ್, ಕರೆಂಟು ಅಳೆಯುವ ಮಲ್ಟಿಮೀಟರಿಗೂ ಮೊದಲು ಕೈ ಬಳಸಿ. ಬ್ಯಾಟರಿಯ ಮೇಲಿನ ಎರಡೂ ಕ್ಲ್ಯಾಂಪುಗಳನ್ನು ಒಂದೊಂದಾಗಿ ಹಿಡಿದು ತಿರುಚಿ ನೋಡಿ. ಕೈಯಲ್ಲಿ ಸ್ವಲ್ಪ ಅಲುಗಿದರೂ ಅದು ಲೂಸೇ. ನೋಡಲು ಬಿಗಿಯಾಗಿರುತ್ತದೆ, ನಟ್ಟೂ ಟೈಟಾಗಿರುತ್ತದೆ, ಆದರೆ ಕ್ಲ್ಯಾಂಪಿನ ಬಾಯಿ ಹಿಗ್ಗಿ ಸೀಸದ ಕಂಬವನ್ನು ಹಿಡಿದಿರುವುದೇ ಇಲ್ಲ. ರೇಡಿಯೋ ಹಾಡುತ್ತದೆ, ಲೈಟು ಉರಿಯುತ್ತದೆ, ಸೆಲ್ಫ್ ಮಾತ್ರ ತಿರುಗುವುದಿಲ್ಲ. ಹತ್ತು ಆಂಪಿಯರ್ ದಾಟುವ ಜಾಗದಲ್ಲಿ ಇನ್ನೂರು ದಾಟುವುದಿಲ್ಲ, ಅಷ್ಟೇ.

ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಪುಡಿ ಕಟ್ಟಿದ್ದರೆ ಬಿಚ್ಚಿ ತೊಳೆಯಬೇಕು. ಬಿಚ್ಚುವಾಗ ಮೊದಲು ನೆಗೆಟಿವ್, ಹಾಕುವಾಗ ಕೊನೆಗೆ ನೆಗೆಟಿವ್. ಈ ಕ್ರಮ ಯಾಕೆ ಅಂದರೆ, ನೆಗೆಟಿವ್ ಜೋಡಿಸಿದ್ದಾಗ ಇಡೀ ಗಾಡಿಯ ಬಾಡಿಯೇ ಅರ್ತ್, ಅಂದರೆ ಬ್ಯಾಟರಿಯ ನೆಗೆಟಿವ್ ಆಗಿರುತ್ತದೆ. ಪಾಸಿಟಿವ್ ಬಿಚ್ಚುವಾಗ ನಿಮ್ಮ ಸ್ಪ್ಯಾನರ್ ಬಾಡಿಗೆ ತಗುಲಿದರೆ ಕಿಡಿ ಹಾರಿ ಸ್ಪ್ಯಾನರ್ ಅಲ್ಲೇ ಬೆಸೆದುಕೊಳ್ಳಬಹುದು. ನೆಗೆಟಿವ್ ಮೊದಲೇ ಬಿಚ್ಚಿದ್ದರೆ ತಗುಲಿದರೂ ಏನೂ ಆಗುವುದಿಲ್ಲ. ಬಿಸಿನೀರಿಗೆ ಅಡುಗೆ ಸೋಡಾ ಕಲಸಿ ಹಳೇ ಬ್ರಷ್‌ನಿಂದ ಉಜ್ಜಿ. ಪುಡಿ ನೊರೆನೊರೆಯಾಗಿ ಕರಗುತ್ತದೆ. ಕಂಬದ ಮೈ ಮತ್ತು ಕ್ಲ್ಯಾಂಪಿನ ಒಳಮೈ ಎರಡನ್ನೂ ಮಿಂಚುವ ತನಕ ಮರಳು ಕಾಗದದಿಂದ ತಿಕ್ಕಿ. ಹೊರಗೆ ತೊಳೆದು ಒಳಗೆ ಬಿಟ್ಟರೆ ಉಪಯೋಗವಿಲ್ಲ, ಕರೆಂಟು ದಾಟುವುದು ಒಳಮೈಯಲ್ಲಿ. ಬಿಗಿ ಮಾಡಿದ ಮೇಲೆ ಹೊರಗಿನಿಂದ ತೆಳ್ಳಗೆ ವ್ಯಾಸಲೀನ್ ಬಳಿಯಿರಿ.

ಈಗ ಮೀಟರ್. ಒಂದು ಸಾದಾ ಮಲ್ಟಿಮೀಟರ್ ಗಾಡಿಯಲ್ಲಿ ಇಟ್ಟುಕೊಳ್ಳಿ, ಅದರಷ್ಟು ಉಪಯೋಗದ ಸಾಮಾನು ಇನ್ನೊಂದಿಲ್ಲ. ಡಿಸಿ 20 ವೋಲ್ಟಿಗೆ ತಿರುಗಿಸಿ, ಅದರ ಎರಡು ಕಡ್ಡಿಗಳನ್ನು (ಪ್ರೋಬ್) ಬ್ಯಾಟರಿಯ ಎರಡು ಕಂಬಗಳಿಗೆ ಹಿಡಿಯಿರಿ. ಒಂದೆರಡು ಗಂಟೆ ಸುಮ್ಮನೆ ನಿಂತ ಗಾಡಿಯಲ್ಲಿ 12.6 ಬಂದರೆ ಬ್ಯಾಟರಿ ತುಂಬಿದೆ. 12.4 ಅಂದರೆ ಮುಕ್ಕಾಲು, 12.2 ಅಂದರೆ ಅರ್ಧ. 12ಕ್ಕಿಂತ ಕೆಳಗೆ ಹೋದರೆ ಹೆಚ್ಚುಕಮ್ಮಿ ಖಾಲಿ ಅಂತಲೇ ಲೆಕ್ಕ. 12 ಅಂದರೆ 12 ವೋಲ್ಟ್ ಬ್ಯಾಟರಿ ಸರಿಯಾಗಿದೆ ಅಲ್ವಾ ಅಂತ ಕೇಳುತ್ತಾರೆ. ಒಳಗೆ ಆರು ಸೆಲ್ ಇದೆ, ತುಂಬಿದಾಗ ಒಂದೊಂದೂ 2.1 ವೋಲ್ಟ್ ಕೊಡುತ್ತದೆ. ಗುಣಿಸಿ ನೋಡಿ.

ಆದರೆ ನಿಂತಾಗ 12.6 ತೋರಿಸುವ ಬ್ಯಾಟರಿಯೂ ಸತ್ತಿರಬಹುದು. ಅದಕ್ಕೆ ಭಾರ ಹಾಕಿ ನೋಡಬೇಕು. ಒಬ್ಬರು ಕೀ ತಿರುಗಿಸಲಿ, ನೀವು ಮೀಟರ್ ನೋಡಿ. ಸೆಲ್ಫ್ ತಿರುಗುವಾಗ 9.6ಕ್ಕಿಂತ ಕೆಳಗೆ ಇಳಿಯಬಾರದು. 10.5 ಹತ್ತಿರ ನಿಂತರೆ ಚೆನ್ನಾಗಿದೆ. 12.5 ಇದ್ದದ್ದು ಸೀದಾ 6ಕ್ಕೆ ಬಿದ್ದರೆ ಒಳಗೆ ಸೆಲ್ ಹೋಗಿದೆ, ಇನ್ನು ಎಷ್ಟು ಚಾರ್ಜ್ ಮಾಡಿದರೂ ಅಷ್ಟೇ. ಮೂರರಿಂದ ಐದು ವರ್ಷ ಓಡಿದ ಬ್ಯಾಟರಿ ಹೀಗಾದರೆ ಅದರ ಕಾಲ ಮುಗಿಯಿತು ಅಂತ ಬದಲಾಯಿಸಿ.

ಮೀಟರಿನ ಇನ್ನೊಂದು ಉಪಯೋಗ ಬಹಳ ಜನಕ್ಕೆ ಗೊತ್ತಿಲ್ಲ. ಒಂದು ಪ್ರೋಬನ್ನು ಸೀಸದ ಕಂಬದ ತಲೆಯ ಮೇಲೆ, ಇನ್ನೊಂದನ್ನು ಅದೇ ಕಂಬವನ್ನು ಕಚ್ಚಿರುವ ಕ್ಲ್ಯಾಂಪ್ ಮೇಲೆ ಇಟ್ಟು ಸೆಲ್ಫ್ ಹೊಡೆಸಿ. ಎರಡೂ ಒಂದೇ ಜಾಗ ತಾನೇ, ಸೊನ್ನೆ ಬರಬೇಕು. ಅರ್ಧ ವೋಲ್ಟೋ ಒಂದು ವೋಲ್ಟೋ ತೋರಿಸಿದರೆ ಕರೆಂಟು ಅಲ್ಲೇ ಸಿಕ್ಕಿಹಾಕಿಕೊಂಡಿದೆ. ಹಾಗೇ ಬ್ಯಾಟರಿಯ ನೆಗೆಟಿವ್ ಕಂಬದಿಂದ ಎಂಜಿನ್ ಬ್ಲಾಕಿಗೆ ಹಿಡಿದು ನೋಡಿ. ಅಲ್ಲಿ ಅರ್ಧ ವೋಲ್ಟಿಗಿಂತ ಜಾಸ್ತಿ ಬಂದರೆ ಅರ್ತ್ ಕೇಬಲ್ ಕಡೆ ತಪ್ಪಿದೆ. ಎಂಜಿನ್ನಿಂದ ಬಾಡಿಗೆ ಬರುವ ಆ ಹೆಣೆದ ಪಟ್ಟಿ ಕೆಳಗೆ ಎಲ್ಲೋ ಕೆಸರಿನಲ್ಲಿ ಕೊಳೆಯುತ್ತಿರುತ್ತದೆ, ಯಾರೂ ಅದರ ಕಡೆ ನೋಡುವುದಿಲ್ಲ. ಸೆಲ್ಫ್ ಬಿಚ್ಚಿಸುವ ಮೊದಲು ದಯವಿಟ್ಟು ಇದನ್ನು ನೋಡಿ.

ಬೇರೆ ಗಾಡಿಯಿಂದ ಕರೆಂಟು ತೆಗೆದುಕೊಳ್ಳುವಾಗ

ಎರಡೂ 12 ವೋಲ್ಟ್ ಗಾಡಿಯಾಗಿರಬೇಕು, ಎರಡೂ ಒಂದಕ್ಕೊಂದು ತಗುಲಬಾರದು. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಒಳಗಿನ ನೀರು ಹೆಪ್ಪುಗಟ್ಟಿದ್ದರೆ ಈ ಕೆಲಸವೇ ಬೇಡ.

ಕೆಂಪು ಕೇಬಲ್ಲಿನ ಒಂದು ತುದಿ ಇಳಿದ ಬ್ಯಾಟರಿಯ ಪಾಸಿಟಿವ್‌ಗೆ, ಇನ್ನೊಂದು ತುದಿ ಚೆನ್ನಾಗಿರುವ ಬ್ಯಾಟರಿಯ ಪಾಸಿಟಿವ್‌ಗೆ. ಆಮೇಲೆ ಕಪ್ಪು ಕೇಬಲ್ ಚೆನ್ನಾಗಿರುವ ಬ್ಯಾಟರಿಯ ನೆಗೆಟಿವ್‌ಗೆ. ಕಪ್ಪಿನ ಕೊನೆಯ ತುದಿಯನ್ನು ಇಳಿದ ಬ್ಯಾಟರಿಗೆ ಕೊಡಬೇಡಿ. ಅದೇ ಗಾಡಿಯ ಎಂಜಿನ್ನಿನಲ್ಲಿ ಬಣ್ಣವಿಲ್ಲದ ಗಟ್ಟಿ ಲೋಹದ ಜಾಗ ಹುಡುಕಿ, ಬ್ಯಾಟರಿಯಿಂದ ದೂರದಲ್ಲಿ, ಅಲ್ಲಿ ಕಚ್ಚಿಸಿ. ಕೊನೆಯ ತುದಿ ಮುಟ್ಟಿಸುವಾಗ ಕಿಡಿ ಬಂದೇ ಬರುತ್ತದೆ. ಬ್ಯಾಟರಿಯ ಸುತ್ತ ಹೈಡ್ರೋಜನ್ ಇರುತ್ತದೆ. ಕಿಡಿ, ಹೈಡ್ರೋಜನ್ ಒಂದೇ ಕಡೆ ಸೇರಿದರೆ ಬ್ಯಾಟರಿ ಒಡೆದು ಆಸಿಡ್ ಮುಖಕ್ಕೆ ಹಾರುತ್ತದೆ.

ಕೊಡುವ ಗಾಡಿಯ ಎಂಜಿನ್ ಓಡಲಿ, ನಾಲ್ಕೈದು ನಿಮಿಷ ಸುಮ್ಮನಿರಿ. ಕೇಬಲ್ ಹಾಕಿದ ಕ್ಷಣದಲ್ಲೇ ಸೆಲ್ಫ್ ಹೊಡೆಯುವುದು ಎಲ್ಲರ ಚಾಳಿ. ತೆಳ್ಳಗಿನ ಕೇಬಲ್ಲಿನಲ್ಲಿ ಸೆಲ್ಫಿಗೆ ಬೇಕಾದಷ್ಟು ಕರೆಂಟು ಬರುವುದಿಲ್ಲ, ಇಳಿದ ಬ್ಯಾಟರಿ ಒಂಚೂರು ತುಂಬಿಕೊಂಡರೆ ಅದೂ ಕೈ ಜೋಡಿಸುತ್ತದೆ. ಸ್ಟಾರ್ಟ್ ಆದ ಮೇಲೆ ಹಾಕಿದ್ದರ ಉಲ್ಟಾ ಕ್ರಮದಲ್ಲಿ ಬಿಚ್ಚಿ.

ತಳ್ಳಿ ಸ್ಟಾರ್ಟ್ ಮಾಡುವುದು ಮ್ಯಾನುಯಲ್ ಗೇರಿನ ಗಾಡಿಗೆ ಮಾತ್ರ. ಕೀ ಆನ್ ಇರಬೇಕು, ಎರಡನೇ ಗೇರ್, ಕ್ಲಚ್ ಒತ್ತಿ ಹಿಡಿದು ತಳ್ಳಿಸಿ, ಓಟ ಬಂದ ಮೇಲೆ ಕ್ಲಚ್ ಬಿಡಿ, ಹಿಡಿದ ಕೂಡಲೇ ಮತ್ತೆ ಒತ್ತಿ. ಎಂಜಿನ್ ಓಡದೇ ಇದ್ದಾಗ ಬ್ರೇಕು, ಸ್ಟೀರಿಂಗು ಎರಡೂ ಕಲ್ಲಿನ ಹಾಗೆ ಗಟ್ಟಿಯಾಗಿರುತ್ತವೆ, ನೆನಪಿರಲಿ. ಬ್ಯಾಟರಿ ಪೂರ್ತಿ ಸತ್ತಿದ್ದರೆ ಈಗಿನ ಗಾಡಿಗಳನ್ನು ಎಷ್ಟು ತಳ್ಳಿದರೂ ಪ್ರಯೋಜನವಿಲ್ಲ. ಪೆಟ್ರೋಲ್ ಪಂಪು, ಇಸಿಯು (ಎಂಜಿನ್ ನಡೆಸುವ ಕಂಪ್ಯೂಟರ್) ಎಲ್ಲಕ್ಕೂ ಕರೆಂಟು ಬೇಕು. ಎಲೆಕ್ಟ್ರಿಕ್ ಕಾರಿನಲ್ಲೂ ಬಹುಮಟ್ಟಿಗೆ ಒಂದು ಸಣ್ಣ 12 ವೋಲ್ಟ್ ಬ್ಯಾಟರಿ ಇದೆ. ಅದು ಇಳಿದರೆ ದೊಡ್ಡ ಬ್ಯಾಟರಿ ತುಂಬಿದ್ದರೂ ಗಾಡಿ ಏಳುವುದಿಲ್ಲ. ಅಲ್ಲಿ ಕಿತ್ತಳೆ ಬಣ್ಣದ ಕೇಬಲ್ಲುಗಳನ್ನು ಮುಟ್ಟಲೇಬೇಡಿ.

ದೀಪ ಉರಿಯುತ್ತದೆ, ಸೆಲ್ಫ್ ಮಾತ್ರ ಉಸಿರೆತ್ತುವುದಿಲ್ಲ

ಬ್ಯಾಟರಿ 12.6 ಇದೆ, ಹಾರ್ನ್ ಜೋರಾಗಿ ಹೊಡೆಯುತ್ತದೆ, ಕೀ ತಿರುಗಿಸಿದರೆ ಮೌನ. ಸೆಲ್ಫಿಗೆ "ತಿರುಗು" ಅನ್ನುವ ಆಜ್ಞೆಯೇ ಹೋಗಿಲ್ಲ. ಆ ಆಜ್ಞೆಯನ್ನು ತಡೆಯಲಿಕ್ಕೆ ಗಾಡಿಯಲ್ಲಿ ಬೇಕಂತಲೇ ಹಲವು ಸ್ವಿಚ್ ಇಟ್ಟಿರುತ್ತಾರೆ.

ಆಟೋಮ್ಯಾಟಿಕ್ ಆದರೆ ಪಾರ್ಕ್ ಬಿಟ್ಟು ನ್ಯೂಟ್ರಲ್ಲಿನಲ್ಲಿ ಪ್ರಯತ್ನಿಸಿ. ಅಲ್ಲಿ ಸ್ಟಾರ್ಟ್ ಆದರೆ ಗೇರ್ ಸ್ವಿಚ್ ಸವೆದಿದೆ ಅಥವಾ ಜರುಗಿದೆ. ಬಟನ್ ಒತ್ತಿ ಸ್ಟಾರ್ಟ್ ಮಾಡುವ ಗಾಡಿಯಲ್ಲಿ ಬ್ರೇಕ್ ಒತ್ತಿದಾಗ ಹಿಂದೆ ಬ್ರೇಕ್ ಲೈಟ್ ಉರಿಯುತ್ತದಾ ಅಂತ ಯಾರಿಗಾದರೂ ನೋಡಲು ಹೇಳಿ. ಉರಿಯದಿದ್ದರೆ ನಿಮ್ಮ ಕಾಲು ಬ್ರೇಕಿನ ಮೇಲಿರುವುದು ಗಾಡಿಗೆ ಗೊತ್ತೇ ಆಗಿಲ್ಲ. ತಪ್ಪು ಬ್ರೇಕ್ ಸ್ವಿಚ್ಚಿನದು, ಇಲ್ಲವೇ ಅದರ ಫ್ಯೂಸಿನದು.

ಮ್ಯಾನುಯಲ್ ಗಾಡಿಗಳಲ್ಲಿ ನನಗೆ ಬಹಳ ಇಷ್ಟವಾದ ತಪ್ಪೊಂದಿದೆ. ಕ್ಲಚ್ ಪೆಡಲಿನ ಮೇಲ್ಭಾಗದಲ್ಲಿ, ಕಣ್ಣಿಗೆ ಬೀಳದ ಜಾಗದಲ್ಲಿ, ಒಂದು ಸಣ್ಣ ಸ್ವಿಚ್ ಇರುತ್ತದೆ. ಪೆಡಲ್ ಪೂರ್ತಿ ಕೆಳಗೆ ಹೋದಾಗ ಅದನ್ನು ಒತ್ತಲಿಕ್ಕೆ ಪೆಡಲಿನ ತೋಳಿನಲ್ಲಿ ಬಟನ್ ಗಾತ್ರದ ಪ್ಲಾಸ್ಟಿಕ್ ಗುಬುಟು. ವರ್ಷಗಳ ಬಿಸಿಗೆ ಅದು ಬಿಸ್ಕತ್ತಿನ ಹಾಗೆ ಪುಡಿಯಾಗಿ ಉದುರುತ್ತದೆ. ಅದು ಕೂತಿದ್ದ ತೂತಿನೊಳಗೆ ಸ್ವಿಚ್ಚಿನ ಕಡ್ಡಿ ಸುಮ್ಮನೆ ನುಗ್ಗುತ್ತದೆ, ಒತ್ತುವವರೇ ಇಲ್ಲ. ಗಾಡಿ ಪೂರ್ತಿ ಮೌನ. ಇಂಥ ಗಾಡಿ ಬಂದರೆ ನಾನು ಬಾನೆಟ್ ಎತ್ತುವುದಿಲ್ಲ, ಮೊದಲು ಡ್ರೈವರ್ ಕಡೆಯ ಮ್ಯಾಟ್ ಎತ್ತಿ ಬೆಳಕು ಹಿಡಿದು ನೋಡುತ್ತೇನೆ. ಪ್ಲಾಸ್ಟಿಕ್ ಚೂರು ಅಲ್ಲೇ ಬಿದ್ದಿರುತ್ತದೆ. ಆ ತೂತಿಗೆ ಒಂದು ಸಣ್ಣ ಬೋಲ್ಟು ನಟ್ಟು ಹಾಕಿ ಬಿಗಿ ಮಾಡಿದರೆ ಗಾಡಿ ಮನೆ ಸೇರುತ್ತದೆ. ಹೊಸ ಗುಬುಟು ಆಮೇಲೆ ಹಾಕಿಸಿದರಾಯಿತು.

ಮುಂದೆ ಫ್ಯೂಸ್ ಮತ್ತು ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್). ಯಾವುದು ಸೆಲ್ಫಿನದು ಅಂತ ಫ್ಯೂಸ್ ಬಾಕ್ಸಿನ ಮುಚ್ಚಳದ ಒಳಗೆ ಚಿತ್ರ ಇರುತ್ತದೆ. ಸೆಲ್ಫ್ ರಿಲೇಯ ಮೇಲೆ ಬರೆದಿರುವ ನಂಬರೇ ಹಾರ್ನಿನ ರಿಲೇ ಮೇಲೂ ಇದ್ದರೆ ಎರಡನ್ನೂ ಅದಲು ಬದಲು ಮಾಡಿ. ಈಗ ಸೆಲ್ಫ್ ತಿರುಗಿ ಹಾರ್ನ್ ನಿಂತರೆ ತಪ್ಪು ಸಿಕ್ಕಿತು. ಸುಟ್ಟ ಫ್ಯೂಸಿಗೆ ಅದೇ ಬಣ್ಣದ್ದೇ ಹಾಕಿ. ಕೆಂಪು 10 ಆಂಪಿಯರ್, ನೀಲಿ 15, ಹಳದಿ 20, ಹಸಿರು 30. ದೊಡ್ಡದು ಹಾಕಿದರೆ ಫ್ಯೂಸ್ ಬದಲು ವೈರ್ ಸುಡುತ್ತದೆ.

ಕೀ ತಿರುಗುತ್ತಲೇ ಇಲ್ಲ ಅಂದರೆ ಬಲವಂತ ಮಾಡಿ ಮುರಿಯಬೇಡಿ. ಸ್ಟೀರಿಂಗ್ ಲಾಕ್ ಮೇಲೆ ಭಾರ ಬಿದ್ದಿರುತ್ತದೆ. ಒಂದು ಕೈಯಲ್ಲಿ ಸ್ಟೀರಿಂಗನ್ನು ಆ ಕಡೆ ಈ ಕಡೆ ಅಲುಗಿಸುತ್ತಾ ಇನ್ನೊಂದು ಕೈಯಲ್ಲಿ ಕೀ ತಿರುಗಿಸಿ. ಬಟನ್ ಗಾಡಿ "ಕೀ ಇಲ್ಲ" ಅಂದರೆ ರಿಮೋಟಿನ ಸೆಲ್ ಹೋಗಿದೆ. ಬಹಳಷ್ಟು ರಿಮೋಟಿಗೆ ಹಾಕುವುದು ಸಿಆರ್2032 ಅನ್ನುವ 3 ವೋಲ್ಟ್ ಸೆಲ್. ಸದ್ಯಕ್ಕೆ ರಿಮೋಟನ್ನೇ ಸ್ಟಾರ್ಟ್ ಬಟನ್‌ಗೆ ಒತ್ತಿ ಹಿಡಿದು ಪ್ರಯತ್ನಿಸಿ. ಹಲವು ಗಾಡಿಗಳಲ್ಲಿ ಕೆಲಸ ಮಾಡುತ್ತದೆ. ಕೆಲವಲ್ಲಿ ರಿಮೋಟ್ ಇಡುವ ಜಾಗ ಬೇರೆ ಕಡೆ ಇರುತ್ತದೆ, ಗಾಡಿಯ ಪುಸ್ತಕದಲ್ಲಿ ತೋರಿಸಿರುತ್ತಾರೆ.

ಒಂದೇ ಒಂದು ಟಕ್

ಒಂದು ಸಲ ಗಟ್ಟಿಯಾಗಿ ಟಕ್ ಅಂದು ನಿಂತರೆ ಕ್ಯಾಬಿನ್ ಲೈಟ್ ಹಾಕಿಕೊಂಡು ಮತ್ತೊಮ್ಮೆ ಕೀ ತಿರುಗಿಸಿ. ಹೆಡ್‌ಲೈಟ್ ನೋಡಿದರೂ ಆಗುತ್ತದೆ, ಆದರೆ ಸೆಲ್ಫ್ ಹೊಡೆಯುವಾಗ ಕೆಲವು ಗಾಡಿಗಳು ಅದನ್ನು ತಾವೇ ಆರಿಸುತ್ತವೆ, ನಂಬುವ ಹಾಗಿಲ್ಲ. ಲೈಟು ಆರುವಷ್ಟು ಮಂಕಾದರೆ ವಾಪಸ್ ಬ್ಯಾಟರಿ, ಟರ್ಮಿನಲ್ಲಿಗೇ ಹೋಗಿ. ಲೈಟು ಇದ್ದ ಹಾಗೇ ಇದ್ದರೆ ಸೊಲೆನಾಯ್ಡ್ ಎಳೆದುಕೊಂಡಿದೆ, ಮೋಟಾರಿಗೆ ಕರೆಂಟು ದಾಟುತ್ತಿಲ್ಲ. ಹೆಚ್ಚಾಗಿ ಸೆಲ್ಫಿನ ಕಾರ್ಬನ್ (ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟು ಮುಟ್ಟಿಸುವ ತುಂಡು) ಸವೆದಿರುತ್ತದೆ, ಇಲ್ಲವೇ ಸೊಲೆನಾಯ್ಡ್ ಒಳಗಿನ ತಾಮ್ರದ ಕಾಂಟ್ಯಾಕ್ಟ್ ಸುಟ್ಟಿರುತ್ತದೆ.

ಸೆಲ್ಫಿಗೆ ಒಂದು ಏಟು ಕೊಟ್ಟರೆ ಸ್ಟಾರ್ಟ್ ಆಗುತ್ತದೆ ಅನ್ನುವುದು ಸುಳ್ಳಲ್ಲ. ಸವೆದ ಕಾರ್ಬನ್ ಅಲುಗಿ ಮತ್ತೆ ತಾಗುತ್ತದೆ. ಒಬ್ಬರು ಕೀ ಹಿಡಿದಿರುವಾಗ ಸುತ್ತಿಗೆಯ ಮರದ ಹಿಡಿಯಿಂದ ಮೋಟಾರಿನ ಮೈಗೆ ಮೆಲ್ಲಗೆ ತಟ್ಟಿ. ಮೆಲ್ಲಗೆ ಅಂದೆ. ಈಗಿನ ಬಹಳಷ್ಟು ಸೆಲ್ಫುಗಳ ಒಳಗೆ ಅಂಟಿಸಿದ ಅಯಸ್ಕಾಂತ ಇರುತ್ತದೆ, ಜೋರಾಗಿ ಬಡಿದರೆ ಅದು ಸೀಳಿ ಮೋಟಾರೇ ಹೋಗುತ್ತದೆ. ತಟ್ಟಿದಾಗ ಸ್ಟಾರ್ಟ್ ಆಯಿತು ಅಂದರೆ ಎಂಜಿನ್ ಆಫ್ ಮಾಡದೆ ಸೀದಾ ಗ್ಯಾರೇಜಿಗೆ ಹೋಗಿ.

ಗುಯ್ ಅಂತ ಮೋಟಾರ್ ಮಾತ್ರ ಸುತ್ತಿ ಎಂಜಿನ್ ಅಲುಗದಿದ್ದರೆ ಸೆಲ್ಫಿನ ತುದಿಯ ಬೆಂಡಿಕ್ಸ್ ಗೇರು ಎಂಜಿನ್ನಿನ ಹಲ್ಲಿನ ಚಕ್ರವನ್ನು (ಫ್ಲೈವೀಲ್) ಹಿಡಿಯುತ್ತಿಲ್ಲ. ಅದಕ್ಕೆ ರಸ್ತೆ ಮೇಲೆ ಮಾಡುವುದೇನೂ ಇಲ್ಲ.

ಸೆಲ್ಫ್ ಚೆನ್ನಾಗಿ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಟ್ಯಾಂಕಿನಲ್ಲಿ ಎಣ್ಣೆ ಇದೆಯಾ? ನಗಬೇಡಿ. ಮುಳ್ಳು ಕಾಲು ಭಾಗದಲ್ಲಿ ಸಿಕ್ಕಿಕೊಂಡು ಟ್ಯಾಂಕ್ ಖಾಲಿಯಾಗಿರುವುದು ಅಪರೂಪವೇನಲ್ಲ. ಗ್ಯಾಸಿನಲ್ಲಿ ಓಡಿಸುವವರು ಇದನ್ನು ಇನ್ನೂ ಗಮನಿಸಬೇಕು. ಅಂಥ ಗಾಡಿಗಳು ಹೆಚ್ಚಾಗಿ ಪೆಟ್ರೋಲಿನಲ್ಲಿ ಸ್ಟಾರ್ಟ್ ಆಗಿ ಆಮೇಲೆ ಗ್ಯಾಸಿಗೆ ತಿರುಗುತ್ತವೆ. ಪೆಟ್ರೋಲ್ ಟ್ಯಾಂಕನ್ನು ಸದಾ ಖಾಲಿ ಇಟ್ಟರೆ ಒಂದು ದಿನ ಸ್ಟಾರ್ಟ್ ಆಗುವುದಿಲ್ಲ. ಪೆಟ್ರೋಲಿನಲ್ಲೇ ಮುಳುಗಿ ತಣ್ಣಗಿರಬೇಕಾದ ಪಂಪೂ ಸುಡುತ್ತದೆ.

ಆಮೇಲೆ ಮೀಟರ್ ಬೋರ್ಡು. ಕೀ ಅಥವಾ ಬೀಗದ ಚಿತ್ರದ ದೀಪ ಬಿಡದೆ ಮಿಣುಕುತ್ತಿದ್ದರೆ ಗಾಡಿ ನಿಮ್ಮ ಕೀಯನ್ನು ಗುರುತಿಸಿಲ್ಲ. ಸ್ಟಾರ್ಟ್ ಆಗಿ ಒಂದೆರಡು ಸೆಕೆಂಡಿಗೆ ಆರಿಹೋಗುವುದೂ ಇದೇ ಇರಬಹುದು. ಗೊಂಚಲಿನಲ್ಲಿ ಇನ್ನೊಂದು ಗಾಡಿಯ ಕೀ ಇದ್ದರೆ ಬೇರೆ ಮಾಡಿ, ಮನೆಯಲ್ಲಿರುವ ಎರಡನೇ ಕೀ ತಂದು ನೋಡಿ.

ಈಗ ರೇಡಿಯೋ, ಫ್ಯಾನ್ ಎಲ್ಲ ಆಫ್ ಮಾಡಿ ಕೀಯನ್ನು ಆನ್ ತನಕ ಮಾತ್ರ ತಿರುಗಿಸಿ. ಬಹಳಷ್ಟು ಪೆಟ್ರೋಲ್ ಗಾಡಿಗಳಲ್ಲಿ ಹಿಂದಿನ ಸೀಟಿನ ಕೆಳಗಿನಿಂದ ಎರಡು ಮೂರು ಸೆಕೆಂಡ್ ಸಣ್ಣಗೆ ಝೂಂ ಅಂತ ಕೇಳಿಸಬೇಕು. ಅದು ಪಂಪು ಪ್ರೆಷರ್ ಕಟ್ಟುವ ಶಬ್ದ. ಕೇಳಿಸದಿದ್ದರೆ ಪಂಪಿನ ಫ್ಯೂಸ್, ರಿಲೇ ನೋಡಿ. ಕೆಲವು ಗಾಡಿಗಳಲ್ಲಿ ಡಿಕ್ಕಿಯಾದಾಗ ಪಂಪನ್ನು ನಿಲ್ಲಿಸುವ ಸ್ವಿಚ್ ಇರುತ್ತದೆ, ದೊಡ್ಡ ಗುಂಡಿಗೆ ಇಳಿದರೂ ಅದು ಹಾರಬಹುದು. ಅದರ ತಲೆಯ ಮೇಲಿನ ಬಟನ್ ಒತ್ತಿದರೆ ಸರಿಹೋಗುತ್ತದೆ.

ಸ್ವಲ್ಪ ಹೊತ್ತು ಸೆಲ್ಫ್ ಹೊಡೆದ ಮೇಲೆ ಸೈಲೆನ್ಸರಿನ ಹತ್ತಿರ ಹೋಗಿ ಮೂಸಿ ನೋಡಿ. ಪೆಟ್ರೋಲ್ ವಾಸನೆ ಗಮ್ಮೆಂದರೆ ಪೆಟ್ರೋಲ್ ಬರುತ್ತಿದೆ, ಹೊತ್ತುತ್ತಿಲ್ಲ. ಸ್ಪಾರ್ಕ್ ಪ್ಲಗ್ಗುಗಳು ತೊಯ್ದು ಹೋಗಿರಬಹುದು. ಆಗ ಆಕ್ಸಿಲರೇಟರನ್ನು ನೆಲ ಮುಟ್ಟುವ ತನಕ ಒತ್ತಿ ಹಿಡಿದು 10 ಸೆಕೆಂಡ್ ಸೆಲ್ಫ್ ಹೊಡೆಯಿರಿ. ಇಂಜೆಕ್ಷನ್ ಇರುವ ಬಹಳಷ್ಟು ಗಾಡಿಗಳು ಹಾಗೆ ಮಾಡಿದಾಗ ಪೆಟ್ರೋಲ್ ನಿಲ್ಲಿಸಿ ಬರೀ ಗಾಳಿ ಎಳೆಯುತ್ತವೆ, ಒಳಗೆ ಒಣಗುತ್ತದೆ. ಎಂಜಿನ್ ಹಿಡಿದ ಕೂಡಲೇ ಕಾಲು ತೆಗೆಯಿರಿ. ವಾಸನೆಯೇ ಇಲ್ಲದಿದ್ದರೆ ಎಣ್ಣೆ ಬರುತ್ತಿಲ್ಲ, ಪಂಪು ಅಥವಾ ಫಿಲ್ಟರ್ ಕಡೆ ಹೋಗಿ.

ಸೆಲ್ಫ್ ಹೊಡೆಯುವಾಗ ಆರ್‌ಪಿಎಂ ಮುಳ್ಳಿನ ಮೇಲೂ ಒಂದು ಕಣ್ಣಿಡಿ. ಎಂಜಿನ್ ತಿರುಗುತ್ತಿರುವಾಗ ಅದು ಚೂರಾದರೂ ಮೇಲೇಳಬೇಕು. ಸತ್ತ ಹಾಗೆ ಸೊನ್ನೆಯಲ್ಲೇ ಬಿದ್ದಿದ್ದರೆ ಕ್ರ್ಯಾಂಕ್ ಸೆನ್ಸರ್ ಮೇಲೆ ಅನುಮಾನ ಪಡಬೇಕು. ಎಂಜಿನ್ ತಿರುಗುತ್ತಿದೆ ಅಂತ ಇಸಿಯುಗೆ ಹೇಳುವುದು ಅದೇ. ಅದು ಹೇಳದಿದ್ದರೆ ಸ್ಪಾರ್ಕೂ ಇಲ್ಲ, ಪೆಟ್ರೋಲೂ ಇಲ್ಲ. ಬಿಸಿಯಾದಾಗ ನಿಂತು, ತಣ್ಣಗಾದ ಮೇಲೆ ಏನೂ ಆಗದ ಹಾಗೆ ಸ್ಟಾರ್ಟ್ ಆಗುವ ಗಾಡಿಗಳಲ್ಲೂ ಬಹಳ ಸಲ ಇದೇ ಕಳ್ಳ. ಇಸಿಯು ಬರೆದಿಟ್ಟ ತಪ್ಪುಗಳನ್ನು ಓದುವ ಸ್ಕ್ಯಾನರ್ ಹಾಕಿದರೆ ಪಿ0335 ಅನ್ನುವ ಕೋಡ್ ಬರಬಹುದು. ಪ್ಲಗ್ ಬಿಚ್ಚಿ ಕೈಯಲ್ಲಿ ಹಿಡಿದು ಕಿಡಿ ನೋಡುವ ಹಳೇ ಪದ್ಧತಿ ಬೇಡ. ಪ್ಲಗ್ಗಿಗೆ ಕಿಡಿ ಕೊಡುವ ಈಗಿನ ಕಾಯಿಲುಗಳು ಕೊಡುವುದು 20 ಸಾವಿರ ವೋಲ್ಟಿಗಿಂತ ಜಾಸ್ತಿ.

ಎಂಜಿನ್ ಎಂದಿಗಿಂತ ಹಗುರವಾಗಿ, ವೇಗವಾಗಿ, ಏರಿಳಿತವೇ ಇಲ್ಲದೆ ಒಂದೇ ಸಮನೆ ಸುಯ್ಯನೆ ತಿರುಗಿದರೆ ಕೈ ತೆಗೆಯಿರಿ. ವಾಲ್ವುಗಳನ್ನು ಎಂಜಿನ್ನಿನ ತಾಳಕ್ಕೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟ್ ಹರಿದಿರಬಹುದು. ಮತ್ತೆ ಮತ್ತೆ ಹೊಡೆದರೆ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯಬಹುದು.

ಡೀಸೆಲ್ ಗಾಡಿಗೆ ಸ್ಪಾರ್ಕ್ ಇಲ್ಲ. ಸುರುಳಿ ಚಿತ್ರದ ದೀಪ ಆರುವ ತನಕ ಕಾದು ಆಮೇಲೆ ಸೆಲ್ಫ್ ಹೊಡೆಯಬೇಕು, ಆ ಹೊತ್ತಿನಲ್ಲಿ ಹೀಟರ್ ಪ್ಲಗ್ ಬಿಸಿಯಾಗುತ್ತದೆ. ಸೆಲ್ಫ್ ಹೊಡೆಯುವಾಗ ಸೈಲೆನ್ಸರಿನಿಂದ ಬಿಳಿ ಹೊಗೆ ಬಂದರೆ ಡೀಸೆಲ್ ಬರುತ್ತಿದೆ, ಉರಿಯುತ್ತಿಲ್ಲ. ಹೀಟರ್ ಪ್ಲಗ್ ನೋಡಿಸಿ. ಹೊಗೆಯೇ ಇಲ್ಲದಿದ್ದರೆ ಡೀಸೆಲ್ ತಲುಪಿಲ್ಲ. ಟ್ಯಾಂಕ್ ಒಮ್ಮೆ ಪೂರ್ತಿ ಖಾಲಿಯಾಗಿದ್ದರೆ ಲೈನಿನಲ್ಲಿ ಏರ್ ಸೇರಿರುತ್ತದೆ. ಫಿಲ್ಟರ್ ಹತ್ತಿರ ಹ್ಯಾಂಡ್ ಪಂಪು ಇದ್ದರೆ ಗಟ್ಟಿಯಾಗುವ ತನಕ ಒತ್ತಿ, ಆಮೇಲೆ ಸ್ಟಾರ್ಟ್ ಮಾಡಿ. ಸ್ಟಾರ್ಟಿಂಗ್ ಸ್ಪ್ರೇ ಹೊಡೆಯುವ ಸಲಹೆ ಯಾರಾದರೂ ಕೊಟ್ಟರೆ ಕೇಳಬೇಡಿ. ಕೆಂಪಗೆ ಕಾದ ಹೀಟರ್ ಪ್ಲಗ್ಗಿಗೆ ಆ ಸ್ಪ್ರೇಯಲ್ಲಿರುವ ಈಥರ್ ಸಿಕ್ಕರೆ ಎಂಜಿನ್ನೇ ಒಡೆಯಬಹುದು.

ಬಹಳ ದಿನ ನಿಂತ ಗಾಡಿಯಾದರೆ ಬಾನೆಟ್ಟಿನ ಕೆಳಗೆ ಟಾರ್ಚ್ ಹಾಕಿ ಇಲಿ ಹಿಕ್ಕೆ ಹುಡುಕಿ. ಹಿಕ್ಕೆ ಕಂಡರೆ ಕಡಿದ ವೈರೂ ಅಲ್ಲೇ ಎಲ್ಲೋ ಇರುತ್ತದೆ.

ಸ್ಟಾರ್ಟ್ ಆದ ಮೇಲೆ

ಬ್ಯಾಟರಿ ಇಳಿದು ನಿಂತಿದ್ದ ಗಾಡಿ ಸ್ಟಾರ್ಟ್ ಆದರೆ ಕೆಲಸ ಮುಗಿಯಲಿಲ್ಲ, ಯಾಕೆ ಇಳಿಯಿತು ಅಂತ ನೋಡಬೇಕು. ಎಂಜಿನ್ ಓಡುವಾಗ ಬ್ಯಾಟರಿಯ ಮೇಲೆ ಮೀಟರ್ ಹಿಡಿಯಿರಿ. ಸಾಮಾನ್ಯವಾಗಿ 13.8ರಿಂದ 14.7 ಒಳಗೆ ಬರಬೇಕು. 12.3ರಲ್ಲೇ ನಿಂತು ಇನ್ನೂ ಇಳಿಯುತ್ತಿದ್ದರೆ ಆಲ್ಟರ್ನೇಟರ್ (ಎಂಜಿನ್ ಓಡುವಾಗ ಕರೆಂಟು ತಯಾರಿಸುವ ಭಾಗ) ಚಾರ್ಜ್ ಮಾಡುತ್ತಿಲ್ಲ. ಮೊದಲು ಅದರ ಬೆಲ್ಟ್ ನೋಡಿ. ಓಡುವ ಎಂಜಿನ್ನಿನಲ್ಲಿ ಬ್ಯಾಟರಿ ಟರ್ಮಿನಲ್ ಕಳಚಿ "ಆಲ್ಟರ್ನೇಟರ್ ಚೆನ್ನಾಗಿದೆ ನೋಡಿ" ಅನ್ನುವ ಪರೀಕ್ಷೆ ಈಗಿನ ಗಾಡಿಗೆ ಮಾಡಬೇಡಿ. ವೋಲ್ಟೇಜ್ ದಿಢೀರ್ ಏರಿ ಇಸಿಯು ಸುಡಬಹುದು. ಇನ್ನೊಂದು, ನಿಂತಲ್ಲೇ ಹತ್ತು ನಿಮಿಷ ಎಂಜಿನ್ ಓಡಿಸಿದರೆ ಇಳಿದ ಬ್ಯಾಟರಿ ತುಂಬುವುದಿಲ್ಲ. ಒಂದು ಗಂಟೆಯಾದರೂ ರಸ್ತೆಯಲ್ಲಿ ಓಡಿಸಿ, ಇಲ್ಲವೇ ಚಾರ್ಜರಿಗೆ ಹಾಕಿ.

ಚಾರ್ಜಿಂಗ್ ಸರಿ ಇದೆ, ಬ್ಯಾಟರಿಯೂ ಹೊಸದು, ಆದರೂ ಎರಡು ದಿನ ನಿಂತರೆ ಇಳಿಯುತ್ತದೆ ಅಂದರೆ ಗಾಡಿ ಆಫ್ ಇದ್ದಾಗಲೂ ಏನೋ ಕರೆಂಟು ತಿನ್ನುತ್ತಿದೆ. ನೆಗೆಟಿವ್ ಕ್ಲ್ಯಾಂಪ್ ತೆಗೆದು, ಮೀಟರನ್ನು 10 ಆಂಪಿಯರ್‌ಗೆ ಹಾಕಿ, ಕಂಬಕ್ಕೂ ಕ್ಲ್ಯಾಂಪಿಗೂ ನಡುವೆ ಜೋಡಿಸಿ. ಬಾಗಿಲು ಲಾಕ್ ಮಾಡಿ ಅರ್ಧ ಗಂಟೆ ಬಿಡಿ, ಗಾಡಿಯ ಕಂಪ್ಯೂಟರುಗಳು ನಿದ್ದೆಗೆ ಹೋಗಲು ಅಷ್ಟು ಹೊತ್ತು ಬೇಕು. ಮೀಟರ್ ಜೋಡಿಸಿದ್ದಾಗ ಮಾತ್ರ ಸೆಲ್ಫ್ ಹೊಡೆಯಬೇಡಿ, ಮೀಟರಿನ ಫ್ಯೂಸ್ ಹಾರುತ್ತದೆ. 50 ಮಿಲಿಆಂಪಿಯರ್ ಒಳಗೆ ಇದ್ದರೆ ಸರಿ. ಜಾಸ್ತಿ ಇದ್ದರೆ ಒಂದೊಂದೇ ಫ್ಯೂಸ್ ಕೀಳುತ್ತಾ ಹೋಗಿ. ಯಾವುದನ್ನು ಕಿತ್ತಾಗ ಮೀಟರ್ ದಿಢೀರ್ ಇಳಿಯುತ್ತದೋ ತಪ್ಪು ಆ ಲೈನಿನಲ್ಲಿದೆ. ಡಿಕ್ಕಿಯ ಒಳಗೆ ಆರದೆ ಉಳಿದ ಒಂದು 5 ವ್ಯಾಟ್ ಬಲ್ಬು ದಿನಕ್ಕೆ 10 ಆಂಪಿಯರ್ ಅವರ್ ತಿನ್ನುತ್ತದೆ. 45 ಆಂಪಿಯರ್ ಅವರಿನ ಬ್ಯಾಟರಿಗೆ ಎರಡು ಮೂರು ದಿನದ ಮಾತು. ಡಿಕ್ಕಿ ಮುಚ್ಚಿದ ಮೇಲೆ ಆ ಬಲ್ಬು ಆರುತ್ತದಾ ಅಂತ ನೋಡಲು ಫೋನಿನ ವಿಡಿಯೋ ಆನ್ ಮಾಡಿ ಒಳಗೆ ಇಟ್ಟು ಮುಚ್ಚಿ.